ಕೊನೆಯ ಪುಟದಿಂದ ಓದುತ್ತಿದ್ದವನು

ಜಮಖಂಡಿಯ ಆ ರಸಾಯನಶಾಸ್ತ್ರ ಪ್ರಾಧ್ಯಾಪಕ ತೀರಿಕೊಂಡ ದಿನ ನಮ್ಮ ಪತ್ರಿಕೆಯ ಹುಬ್ಬಳ್ಳಿ ಡೆಸ್ಕಿನಿಂದ ಫೋನ್ ಬಂತು. ಜಾಗ ಕಡಿಮೆ ಇದೆ, ನಿಧನ ವಾರ್ತೆ ಚಿಕ್ಕದಾಗಿರಲಿ ಎಂದರು. ವಯಸ್ಸು, ಕಾಲೇಜು, ಪತ್ನಿ, ಮಗಳು, ಅಂತ್ಯಕ್ರಿಯೆ ನಡೆದ ಊರು. ಇಷ್ಟು ಕಳಿಸಿದೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆ ಮನುಷ್ಯ ಮಾತ್ರ ಅದರಲ್ಲಿ ಇರಲಿಲ್ಲ.

ಇಲ್ಲಿಯೂ ಅವನ ಹೆಸರು ಬರೆಯುತ್ತಿಲ್ಲ. ತನ್ನ ಹೆಸರು ಎಲ್ಲೆಲ್ಲಿ ಅಚ್ಚಾಗಿದೆ ಎಂದು ಜೀವಮಾನವಿಡೀ ಹುಡುಕಿದವನು ಅವನು. ಇದನ್ನು ಓದಲು ಇದ್ದಿದ್ದರೆ ಮೊದಲು ಅದನ್ನೇ ಹುಡುಕುತ್ತಿದ್ದ, ಸಿಗದಿದ್ದಾಗ ನನ್ನನ್ನು ಬಯ್ಯುತ್ತಿದ್ದ. ಅವನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಅವನ ಜತೆ ಹೋಗಲಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ ಎಂದು ಬೇಕಾದರೆ ತಿಳಿಯಿರಿ.

ಬಿ.ಎಸ್ಸಿ.ಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನು ತೇರದಾಳದ ಜೈನರ ಮನೆಯವನು, ಅಪ್ಪನದು ಕಾಳುಕಡಿ ಅಂಗಡಿ. ನಾನು ಮುಧೋಳ ತಾಲೂಕಿನ ಕುರುಬರ ಮನೆಯವನು. ರಸಾಯನಶಾಸ್ತ್ರದಲ್ಲಿ ನನಗೆ ಅವನಿಗಿಂತ ಹೆಚ್ಚು ಅಂಕ ಬಂದಿದ್ದವು. ಈ ಸಂಗತಿಯನ್ನು ಅವನು ಬೇಗ ಮರೆತ. ನನಗೆ ಇನ್ನೂ ನೆನಪಿದೆ. ಅವನು ಧಾರವಾಡಕ್ಕೆ ಹೋಗಿ ಡಾಕ್ಟರೇಟ್ ಮುಗಿಸಿ ಜಮಖಂಡಿಗೇ ಉಪನ್ಯಾಸಕನಾಗಿ ಬಂದ. ನಾನು ಪತ್ರಿಕೆ ಸೇರಿ ಅದೇ ಊರಿಗೆ ವರದಿಗಾರನಾಗಿ ಬಂದೆ. ಅವನ ವಿಷಯ ಆರ್ಗನೊಮೆಟ್ಯಾಲಿಕ್ ಕೆಮಿಸ್ಟ್ರಿ, ಎಂದರೆ ಲೋಹಕ್ಕೂ ಇಂಗಾಲಕ್ಕೂ ಬೀಳುವ ಗಂಟಿನ ಶಾಸ್ತ್ರ. ನನ್ನ ವಿಷಯ ಆಲಮಟ್ಟಿಯ ಹಿನ್ನೀರು, ಹಿಪ್ಪರಗಿ ಬ್ಯಾರೇಜು, ಕಬ್ಬಿನ ದರ, ಬಸ್ಸು ಬಾರದ ಊರುಗಳು.

ಸಂಶೋಧನಾ ಪತ್ರಿಕೆಯನ್ನು ಅವನು ಓದುತ್ತಿದ್ದ ರೀತಿ ನೋಡುವಂತಿತ್ತು. ಶೀರ್ಷಿಕೆ, ಸಾರಾಂಶ ಯಾವುದನ್ನೂ ನೋಡುತ್ತಿರಲಿಲ್ಲ. ನೇರ ಕೊನೆಯ ಪುಟಕ್ಕೆ ಹೋಗಿ, ಲೇಖಕರು ಯಾರ ಯಾರ ಕೆಲಸವನ್ನು ಉಲ್ಲೇಖಿಸಿದ್ದಾರೆ ಎಂಬ ಪಟ್ಟಿಯ ಮೇಲೆ ತೋರುಬೆರಳು ಇಳಿಸುತ್ತಿದ್ದ. ಆ ಬೆರಳಿನ ಉಗುರು ಯಾವುದೋ ಆಮ್ಲದಿಂದ ಹಳದಿಯಾಗಿತ್ತು. ಬೆರಳು ಎಲ್ಲಿಯಾದರೂ ನಿಂತರೆ ಅಲ್ಲಿ ಅವನ ಹೆಸರಿದೆ ಎಂದು ಅರ್ಥ. ಆಮೇಲೆ ಮಾತ್ರ ಮೊದಲ ಪುಟ.

“ಲಗ್ನಪತ್ರ ಬಂದ್ರ ನೀ ಏನ ಮಾಡ್ತಿ?” ಎಂದು ಒಮ್ಮೆ ಕೇಳಿದ. “ಹುಡುಗ ಯಾಂವ, ಹುಡುಗಿ ಯಾಕಿ ಅಂತ ಮೊದಲ ನೋಡ್ತಿಯೇನು? ಕೆಳಗ ಹೆಸರಿನ ಸಾಲದಾಗ ನಿಮ್ಮ ಮನಿ ಹೆಸರ ಐತೋ ಇಲ್ಲೋ ಅದನ್ನ ನೋಡ್ತಿ. ಇಲ್ಲಂದ್ರ ಲಗ್ನಕ್ಕ ಹೋಗೂದಿಲ್ಲ. ಇದೂ ಹಂಗ.”

ನಮ್ಮ ಕಡೆಯ ಲಗ್ನಪತ್ರಗಳನ್ನು ಕಂಡವರಿಗೆ ಈ ಮಾತು ವಿವರಿಸಬೇಕಿಲ್ಲ. ಅವನು ಅದನ್ನು ಒಂದು ಸಿದ್ಧಾಂತವಾಗಿಯೇ ಬೆಳೆಸಿದ್ದ. ಕೆಲವರು ಊಟ ಬಡಿಸಲಿಕ್ಕೆಂದು ನಿಜವಾಗಿ ಕರೆಯುತ್ತಾರೆ, ಅಂಥ ಉಲ್ಲೇಖ ತೂಕದ್ದು. ಕೆಲವರು ಊರವರಿಗೆ ಬೇಜಾರಾಗದಿರಲಿ ಎಂದು ಹೆಸರು ಹಾಕುತ್ತಾರೆ, ಅದು ಜೊಳ್ಳು. ಇನ್ನು ಕೆಲವರದು ಮುಯ್ಯಿ. ನಾನು ನಿನ್ನ ಮಗಳ ಮದುವೆಗೆ ಪಾತ್ರೆ ಕೊಟ್ಟೆ, ನೀನು ನನ್ನ ಮಗನ ಮದುವೆಗೆ ಅಷ್ಟೇ ತೂಕದ್ದು ಕೊಡು. ಪ್ರಾಧ್ಯಾಪಕರ ಬಡ್ತಿಗೆ ಅಂಕ ಕೊಡುವ ಪದ್ಧತಿ ಬಂದ ಮೇಲೆ ಈ ಮುಯ್ಯಿಯ ಬಳಗಗಳು ಹೆಚ್ಚಾದವು ಎಂದು ಅವನು ಹೇಳುತ್ತಿದ್ದ. ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಂಡೇ ಮೇಲೆ ಬಂದವರ ಹೆಸರುಗಳು ಅವನಿಗೆ ಬಾಯಿಪಾಠ.

“ಮತ್ತ ನೀ ನಿನ್ನ ಹಳೇ ಪೇಪರನ್ನ ನೀನ ಹೇಳಿಕೋತಿಯಲ್ಲ, ಅದೇನು?” ಎಂದೆ.

“ಅದು ನನ್ನ ಲಗ್ನದಾಗ ನಾನ ಪಾತ್ರೆ ಆಹೇರ ಮಾಡಿಕೊಂಡಂಗ,” ಎಂದು ನಕ್ಕ. “ಆದ್ರೂ ಲೆಕ್ಕಕ್ಕ ಬರ್ತೈತಿ, ಬಿಡು.”

ಅವನು ಸಂತನಲ್ಲ. ಯಾವ ಲೋಹಕ್ಕೆ ಯಾವ ಕಾಲದಲ್ಲಿ ಬೇಡಿಕೆ ಇದೆ ಎಂಬುದನ್ನು ಮಹಾಲಿಂಗಪುರದ ಬೆಲ್ಲದ ದಲಾಲರಂತೆ ಬಲ್ಲವನು. ಇಂಗಾಲದ ಎರಡು ಉಂಗುರಗಳನ್ನು ಒಂದಕ್ಕೊಂದು ಬೆಸೆಯಲು ಜಗತ್ತೆಲ್ಲ ಪಲ್ಲಾಡಿಯಂ ಎಂಬ ದುಬಾರಿ ಲೋಹ ಬಳಸುತ್ತಿತ್ತು. ಹೊಸ ಶತಮಾನದ ಆರಂಭದಲ್ಲಿ ಗಾಳಿ ತಿರುಗಿತು. ಅಗ್ಗದ ಲೋಹದಲ್ಲಿ, ವಿಷವಲ್ಲದ ದ್ರವದಲ್ಲಿ ಅದೇ ಕೆಲಸ ಮಾಡಿ ತೋರಿಸಿದವರ ಕಡೆಗೆ ಎಲ್ಲರ ಕಣ್ಣು ಹೋಗತೊಡಗಿತು. “ಈಗ ಕಬ್ಬಿಣಕ್ಕ ಭಾವ ಐತಿ ನೋಡಲೇ,” ಎನ್ನುತ್ತಿದ್ದ. “ಅದರ ಮ್ಯಾಲೆ ನೀರಿನಾಗ ಮಾಡೇವಿ ಅಂದ್ರಂತೂ ಕೇಳಬ್ಯಾಡ. ಪೇಪರಿಗೆ ಹೆಸರ ಇಡೂದಂದ್ರ ಬೆಲ್ಲಕ್ಕ ಬಣ್ಣ ಕೊಟ್ಟಂಗ.”

ನನ್ನ ಕಸುಬಿನಲ್ಲಿ ಹೆಸರಿಗೆ ಜಾಗವಿರಲಿಲ್ಲ. ‘ನಮ್ಮ ಪ್ರತಿನಿಧಿಯಿಂದ’ ಎಂಬ ಎರಡು ಪದಗಳೊಳಗೆ ನಾನು ವರ್ಷಗಟ್ಟಲೆ ವಾಸಿಸಿದೆ. ಗಲಗಲಿಯ ಕಡೆ ಹೊಳೆ ದಂಡೆಯ ಹೊಲಗಳಿಗೆ ಹಿನ್ನೀರು ನುಗ್ಗಿದಾಗ ವಾರಗಟ್ಟಲೆ ಅಲೆದು, ಯಾರ ಮನೆಯ ಹಗೇವಿನಲ್ಲಿ ಜೋಳ ನೆನೆಯಿತು, ಯಾರ ಬಾವಿ ಹೊಳೆಯೊಳಗೆ ಸೇರಿತು ಎಂದು ಮನೆಮನೆ ಕೇಳಿ ಬರೆದೆ. ಬೆಂಗಳೂರಿನ ವಾರಪತ್ರಿಕೆಯೊಂದು ಅದನ್ನು ಹಾಗೆಯೇ ಎತ್ತಿಕೊಂಡಿತು. ನಾನು ಬಳಸಿದ್ದ ಒಂದು ಹೋಲಿಕೆ ಸಹ ಹಾಗೇ ಇತ್ತು. ಅದನ್ನು ಅವನಿಗೆ ತೋರಿಸಿದೆ. ಅವನು ರೂಢಿಯಂತೆ ಪತ್ರಿಕೆ ತಿರುವಿ ಕೊನೆಗೆ ನೋಡಿದ.

“ನಿನ್ನ ಹೆಸರ ಎಲ್ಲೈತೋ?”

“ಹಾಕೂದಿಲ್ಲ.”

“ಮತ್ತ ಇದು ಕಳವಲ್ಲೇನು? ನಮ್ಮಲ್ಲಿ ಒಂದು ಅಂಕಿ ತಗೊಂಡ್ರೂ ಹೇಳಬೇಕು. ಇಲ್ಲಂದ್ರ ಮಾನ ಹೋಗ್ತೈತಿ.” ನಿಜವಾಗಿಯೂ ಸಿಟ್ಟಿಗೆದ್ದಿದ್ದ. ಆ ಸಿಟ್ಟು ನನಗೆ ಸಮಾಧಾನ ಕೊಡಬೇಕಿತ್ತು. ಅದು ಕೊಟ್ಟದ್ದು ಬೇರೆ. ಪೋಲೆಂಡಿನಿಂದಲೋ ಬ್ರೆಜಿಲ್‌ನಿಂದಲೋ ಲೇಖನದ ಪ್ರತಿ ಬೇಡಿ ಇವನ ಹೆಸರಿಗೆ ಕಾರ್ಡುಗಳು ಬರುತ್ತಿದ್ದವು. ನನ್ನ ಸುದ್ದಿ ಸಂಜೆಯೊಳಗೆ ಭಜಿಯ ಎಣ್ಣೆ ಹೀರುತ್ತಿತ್ತು.

ಕಾಲೇಜಿನ ಪ್ರಯೋಗಾಲಯಕ್ಕೆ ಶುದ್ಧ ನೀರು ಬೇಕು. ನಮ್ಮ ಬೋರವೆಲ್ ನೀರಿನ ಗಡಸುತನಕ್ಕೆ, ಹೇಳದೆ ಕೇಳದೆ ಹೋಗಿ ಬರುವ ಕರೆಂಟಿಗೆ, ನೀರು ಭಟ್ಟಿ ಇಳಿಸುವ ಗಾಜಿನ ಸಾಮಾನು ಮೇಲಿಂದ ಮೇಲೆ ಒಡೆಯುತ್ತಿತ್ತು. ಹೊಸದು ಕೇಳಿದರೆ ಆಡಳಿತ ಮಂಡಳಿ ದುಡ್ಡಿಲ್ಲವೆಂದು ಕೈಯಾಡಿಸುತ್ತಿತ್ತು. ಅವನು ಮಹಾಲಿಂಗಪುರದಲ್ಲಿ ಬಚ್ಚಲ ಹಂಡೆ ಮಾಡುವವನ ಬಳಿ ಹೋಗಿ, ಹಾವಿನಂತೆ ಸುತ್ತಿದ ತಾಮ್ರದ ಕೊಳವೆಯೊಂದನ್ನು ಮಾಡಿಸಿ ತಂದ. ಉಗಿ ಆ ಕೊಳವೆಯಲ್ಲಿ ಹಾದು ತಣ್ಣಗಾಗಿ ನೀರಾಗುತ್ತಿತ್ತು. ಅದು ಒಡೆಯುವ ಮಾತೇ ಇಲ್ಲ. ಆ ಜಾಣತನದ ಬಗ್ಗೆ ನಾನೊಂದು ಚಿಕ್ಕ ಸುದ್ದಿ ಬರೆದೆ. ಯಥಾಪ್ರಕಾರ, ನಮ್ಮ ಪ್ರತಿನಿಧಿಯಿಂದ.

ಆ ನೀರಿನಲ್ಲೇ ಅವನು ಕಬ್ಬಿಣದ ಲವಣ ಹಾಕಿ ಇಂಗಾಲದ ಉಂಗುರಗಳನ್ನು ಬೆಸೆದ. ಪಲ್ಲಾಡಿಯಂ ಇಲ್ಲ, ವಿಷದ ದ್ರಾವಕ ಇಲ್ಲ, ಬರೀ ಕಬ್ಬಿಣ ಮತ್ತು ನೀರು. ಒಳ್ಳೆಯ ವಿದೇಶಿ ಪತ್ರಿಕೆಯೊಂದು ಅದನ್ನು ಪ್ರಕಟಿಸಿತು. ಆಮೇಲೆ ಒಂದೆರಡು ವರ್ಷ ಅವನ ನಡಿಗೆಯೇ ಬೇರೆಯಾಯಿತು. ಪ್ರತಿ ಭಾನುವಾರ ಬಸ್ ನಿಲ್ದಾಣದ ಹತ್ತಿರದ ಸೈಬರ್ ಅಂಗಡಿಯಲ್ಲಿ ಕುಳಿತು ಯಾರು ಯಾರು ತನ್ನನ್ನು ಉಲ್ಲೇಖಿಸಿದ್ದಾರೆಂದು ನೋಡುತ್ತಿದ್ದ. ಪುಟ ಅರ್ಧ ತೆರೆಯುವಷ್ಟರಲ್ಲಿ ಲೈನು ಹೋಗುತ್ತಿತ್ತು. ಸೂರ್ಯ ಮುಳುಗುವ ಮೊದಲು ಉಣ್ಣುವ ಮನೆಯವನಾದ್ದರಿಂದ ಸಂಜೆಯಾಗುತ್ತಲೇ ಎದ್ದು, ಉಳಿದದ್ದನ್ನು ನೋಡಿ ಹೇಳು ಎಂದು ನನಗೆ ಒಪ್ಪಿಸಿ ಹೋಗುತ್ತಿದ್ದ. ನಾನು ನೋಡುತ್ತಿದ್ದೆ. ಜಪಾನಿನಲ್ಲೊಬ್ಬ, ಟರ್ಕಿಯಲ್ಲೊಬ್ಬಳು, ಕಾನ್ಪುರದಲ್ಲಿ ಇಬ್ಬರು. ಬೆಂಚಿನ ಆ ತುದಿಯಲ್ಲಿ ಕಡಿಮೆ ಅಂಕ ಪಡೆದು ಕುಳಿತಿದ್ದವನ ಹೆಸರು ಅಷ್ಟು ದೂರ ಹೋಗಿತ್ತು.

ಬನಹಟ್ಟಿಯಲ್ಲಿ ಅವನಿಗೆ ಸನ್ಮಾನವಾಯಿತು. ನೇಕಾರರ ಸಂಘದವರು ಶಾಲು ಹೊದಿಸಿದರು. ಭಾಷಣ ಮಾಡಿದ ಒಬ್ಬರು ಕಬ್ಬಿಣವನ್ನು ಚಿನ್ನ ಮಾಡಿದವನು ಎಂದರು. ಅವನು ತಿದ್ದಲಿಲ್ಲ, ಶಾಲು ಸರಿಪಡಿಸಿಕೊಂಡ. ನಾನು ವರದಿ ಮಾಡಿದೆ.

ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಹುದ್ದೆಗೆ ಅರ್ಜಿ ಕರೆದದ್ದು ಆ ಹೊತ್ತಿಗೆ. ಅವನಿಗೆ ಆ ಹುದ್ದೆ ಬೇಕಿತ್ತು. ಹಗಲೂ ರಾತ್ರಿ ಅದೇ ಮಾತು. ಅಲ್ಲಿ ದೊಡ್ಡ ಯಂತ್ರಗಳಿವೆ, ಸಂಶೋಧನಾ ವಿದ್ಯಾರ್ಥಿಗಳಿದ್ದಾರೆ, ಇಲ್ಲಿಯಂತೆ ಒಂದು ಮಾದರಿಯನ್ನು ಪರೀಕ್ಷಿಸಲು ಧಾರವಾಡಕ್ಕೆ ಬಸ್ಸಿನಲ್ಲಿ ಹೊತ್ತೊಯ್ಯಬೇಕಿಲ್ಲ. ಅವನ ಕೈಯಲ್ಲಿದ್ದ ದೊಡ್ಡ ಅಸ್ತ್ರವೆಂದರೆ ಆ ಕಬ್ಬಿಣದ ಲೇಖನ ಮತ್ತು ಅದಕ್ಕೆ ಬಿದ್ದ ಉಲ್ಲೇಖಗಳು.

ಅಷ್ಟರಲ್ಲಿ ಜರ್ಮನಿಯ ಒಂದು ತಂಡದಿಂದ ಮೇಲ್ ಬಂತು. ನೀವು ಹೇಳಿದಂತೆ ಮಾಡಿದೆವು, ನಮ್ಮಲ್ಲಿ ಆಗುತ್ತಿಲ್ಲ, ಯಾವ ಕಂಪನಿಯ ಕಬ್ಬಿಣದ ಲವಣ ಬಳಸಿದಿರಿ ಎಂದು ಕೇಳಿದ್ದರು. ಇವನು ಉರಿದುಬಿದ್ದ.

“ಅವರಿಗೆ ಮಾಡಾಕ ಬರವಲ್ದು, ನನ್ನ ಮ್ಯಾಲೆ ಸಂಶಯ! ಜಮಖಂಡ್ಯಾಗ ಆಗೂದು ಅಲ್ಲಿ ಯಾಕ ಆಗಬಾರದು?”

ತನ್ನ ಬಾಟಲಿಯಿಂದಲೇ ಲವಣ ಕಟ್ಟಿ ಕಳಿಸಿದ. ಅದರಲ್ಲೂ ಆಗಲಿಲ್ಲವೆಂದು ಉತ್ತರ ಬಂತು. ಅದೇ ತಿಂಗಳು ಕಾಲೇಜಿಗೆ ಅನುದಾನ ಬಂದು, ನೀರು ಭಟ್ಟಿ ಇಳಿಸುವ ಹೊಸ ಗಾಜಿನ ಘಟಕ ಕೂತಿತು. ತಾಮ್ರದ ಕೊಳವೆ ಮೂಲೆ ಸೇರಿತು. ಆ ವಾರದಿಂದ ಜಮಖಂಡಿಯಲ್ಲೂ ಕ್ರಿಯೆ ನಿಂತುಹೋಯಿತು.

ಮೊದಲು ಅವನ ಕೈಕೆಳಗಿದ್ದ ಒಬ್ಬಳೇ ಸಂಶೋಧನಾ ವಿದ್ಯಾರ್ಥಿನಿಗೆ ಬೈಗುಳ. “ಗಾಜಿನ ಸಾಮಾನ ತೊಳದೀಯೇನು ಖರೆ? ಅಥವಾ ಹೊಲದಾಗಿನ ಬುತ್ತಿ ಡಬ್ಬಿ ತೊಳದಂಗ ತೊಳದೀಯೋ?” ಎಂದ. ಅವಳು ಸಮೀರವಾಡಿಯ ಸಕ್ಕರೆ ಕಾರ್ಖಾನೆ ನೌಕರನ ಮಗಳು, ಹೆದರುವ ಪೈಕಿ ಅಲ್ಲ. “ನೀವ ತೊಳದು ನೀವ ಮಾಡ್ರಿ ಸರ್, ನಾ ನಿಂತು ನೋಡ್ತೀನಿ,” ಎಂದಳು. ಅವನೇ ತೊಳೆದು ಅವನೇ ಮಾಡಿದ. ಆಗಲಿಲ್ಲ. ಆಮೇಲೆ ಒಂದೊಂದೇ ವಸ್ತು ಬದಲಿಸಿ ನೋಡುತ್ತಾ ಬಂದ. ಉಳಿದದ್ದು ನೀರು. ಅವತ್ತು ಮಧ್ಯಾಹ್ನ ನಾನು ಯಾವುದೋ ಕೆಲಸಕ್ಕೆ ಕಾಲೇಜಿಗೆ ಹೋಗಿದ್ದೆ. ಪ್ರಯೋಗಾಲಯದಲ್ಲಿ ಅವನು ಹಳೆಯ ತಾಮ್ರದ ಕೊಳವೆಯನ್ನು ಮತ್ತೆ ಜೋಡಿಸಿ, ಅದರಿಂದ ತೊಟ್ಟಿಕ್ಕುವ ನೀರನ್ನು ನೋಡುತ್ತಾ ಸ್ಟೂಲಿನ ಮೇಲೆ ಕುಳಿತಿದ್ದ.

ಆ ನೀರಿನಲ್ಲಿ ಕ್ರಿಯೆ ನಡೆಯಿತು. ಹೊಸ ಗಾಜಿನ ನೀರಿಗೆ ಚಿಟಿಕೆಯಷ್ಟು ತಾಮ್ರದ ಲವಣ ಹಾಕಿದಾಗಲೂ ನಡೆಯಿತು. ಜಗತ್ತು ಕಬ್ಬಿಣದ್ದೆಂದು ನಂಬಿದ್ದ ಕೆಲಸವನ್ನು ಮಾಡುತ್ತಿದ್ದದ್ದು ಹಂಡೆಗಾರನ ಕೊಳವೆಯಿಂದ ಕರಗಿ ಬರುತ್ತಿದ್ದ, ಕಣ್ಣಿಗೆ ಕಾಣದಷ್ಟು ತಾಮ್ರ. ಲೇಖನದಲ್ಲಿ ಅವನು ‘ಭಟ್ಟಿ ಇಳಿಸಿದ ನೀರು’ ಎಂದಷ್ಟೇ ಬರೆದಿದ್ದ. ಯಾವುದರಿಂದ ಇಳಿಸಿದ್ದು ಎಂದು ಯಾರೂ ಬರೆಯುವುದಿಲ್ಲ, ಯಾರೂ ಕೇಳುವುದೂ ಇಲ್ಲ.

ಆ ಕ್ಷಣ ನನಗೆ ಏನನ್ನಿಸಿತು ಎಂಬುದೂ ದಾಖಲೆಯಲ್ಲಿರಲಿ. ಖುಷಿಯಾಯಿತು. ಸ್ವಲ್ಪ ಹೊತ್ತು ಮಾತ್ರ, ಆದರೆ ಚೆನ್ನಾಗಿಯೇ ಆಯಿತು.

ಮರುದಿನ ಅವನ ಮನೆಯಲ್ಲಿ ಚಹಾಕ್ಕೆ ಕುಳಿತಾಗ ವಿಷಯ ಅವನ ಹೆಂಡತಿಗೂ ಗೊತ್ತಾಗಿತ್ತು. ಪತ್ರಿಕೆಗೆ ತಿದ್ದುಪಡಿ ಕಳಿಸುವುದಾಗಿ ಹೇಳಿದ್ದನಂತೆ.

“ನಾ ಕಳಿಸಬ್ಯಾಡ್ರಿ ಅನ್ನೂದಿಲ್ಲ, ಅಣ್ಣಾರ,” ಎಂದು ಅವರು ನನ್ನ ಕಡೆ ತಿರುಗಿದರು. “ಸಂದರ್ಶನ ಒಂದು ಮುಗೀಲಿ, ಆಮ್ಯಾಲೆ ಕಳಿಸ್ರಿ ಅಂತೀನಿ. ತಪ್ಪ ಎಲ್ಲೂ ಓಡಿ ಹೋಗೂದಿಲ್ಲಲ್ಲ? ನೀವರ ಹೇಳ್ರಿ.”

“ವೈನಿ ಹೇಳೂದು ಬರೋಬ್ಬರಿ ಐತಿ,” ಎಂದೆ. ಈ ಸಲಹೆ ಪ್ರಾಮಾಣಿಕವಾಗಿತ್ತು.

“ನಿಮ್ಮಿಬ್ಬರಿಗೂ ತಿಳಿಯೂದಿಲ್ಲ,” ಎಂದು ಅವನು ಚಹಾದ ಬಸಿ ಕೆಳಗಿಟ್ಟ. “ಆ ಜರ್ಮನಿಯಾಂವ ಸುಮ್ನ ಕುಂತಿರ್ತಾನೇನು? ಅಂವನೂ ಹುಡುಕಾಕತ್ತಿರ್ತಾನ. ಇವತ್ತಲ್ಲ ನಾಳೆ ತಾಮ್ರ ಅಂತ ಅಂವಗೂ ಹೊಳೀತೈತಿ. ನನ್ನ ತಪ್ಪನ್ನ ಅಂವ ಯಾಕ ಹಿಡೀಬೇಕಲೇ? ತಪ್ಪ ನಂದು. ಹಿಡಿಯೂ ಹಕ್ಕೂ ನಂದ.”

ಸತ್ಯ, ಧರ್ಮ ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ. ಇದ್ದದ್ದು ಶುದ್ಧ ಮತ್ಸರ. ನನ್ನಂಥವನ ಮತ್ಸರ ಚಹಾ ಕುಡಿದು ಸುಮ್ಮನಾಗುತ್ತದೆ. ಅವನದು ತನ್ನ ಅತ್ಯುತ್ತಮ ಲೇಖನವನ್ನು ತಾನೇ ಕೆಡವಲು ಹೊರಟಿತ್ತು. ಹೊಟ್ಟೆಕಿಚ್ಚಿನಲ್ಲೂ ಅವನು ನನಗಿಂತ ಮೇಲಿನ ದರ್ಜೆಯವನು ಎಂದು ನನಗೆ ಅಲ್ಲಿಯೇ ಹೊಳೆಯಿತು.

ತಿದ್ದುಪಡಿ ಬರೆಯುವಾಗ ಅವನಿಗೊಂದು ತೊಡಕಾಯಿತು. ತಾಮ್ರದ ಕೊಳವೆ ಯಾವ ಕಾಲದಿಂದ ಬಳಕೆಯಲ್ಲಿತ್ತು ಎಂದು ತೋರಿಸಬೇಕಿತ್ತು, ಕಾಲೇಜಿನಲ್ಲಿ ಅದಕ್ಕೆ ದಾಖಲೆಯಿರಲಿಲ್ಲ. ಅಚ್ಚಾದ ಒಂದೇ ಆಧಾರವೆಂದರೆ ನನ್ನ ಆ ಚಿಕ್ಕ ಸುದ್ದಿ. ಕಚೇರಿಗೆ ಬಂದು ಹಳೆಯ ಪತ್ರಿಕೆ ತೆಗೆಸಿ ನೋಡಿದ.

“ಉಲ್ಲೇಖದ ಪಟ್ಟ್ಯಾಗ ನಿನ್ನನ್ನ ಸೈಟ್ ಮಾಡಾಕತ್ತೀನಿ ನೋಡಲೇ,” ಎಂದ. “ಹೇಳಿಕೋ ಇನ್ನ ಊರ ತುಂಬ.”

ತಿಂಗಳು ಕಳೆದು ತಿದ್ದುಪಡಿ ಅಚ್ಚಾದಾಗ ನಾನೂ ಅವನಂತೆಯೇ ಕೊನೆಯ ಪುಟದಿಂದ ಶುರುಮಾಡಿದೆ. ನನ್ನ ಪತ್ರಿಕೆಯ ಹೆಸರಿತ್ತು, ದಿನಾಂಕವಿತ್ತು. ಬರೆದವನ ಹೆಸರಿರಬೇಕಾದ ಜಾಗದಲ್ಲಿ ‘ಅನಾಮಿಕ’ ಎಂಬರ್ಥದ ಇಂಗ್ಲಿಷ್ ಪದವಿತ್ತು.

“ಏನಲೇ ಇದು?” ಎಂದೆ.

“ಅಚ್ಚ ಆಗಿದ್ದನ್ನ ಅಷ್ಟ ಬರೀಬೇಕು, ಅದು ನಿಯಮ. ನಿನ್ನ ಹೆಸರ ಅಲ್ಲಿ ಅಚ್ಚ ಆಗಿಲ್ಲ. ನಾ ಏನ ಮಾಡ್ಲಿ?” ಅವನ ಮುಖದಲ್ಲಿ ಕುಚೋದ್ಯವಿರಲಿಲ್ಲ. ನಿಯಮ ನಿಯಮವೇ ಎಂಬ ಭಾವವಿತ್ತು. ಅಂತರರಾಷ್ಟ್ರೀಯ ವಿಜ್ಞಾನ ಸಾಹಿತ್ಯದಲ್ಲಿ ನನ್ನ ಏಕೈಕ ಪ್ರವೇಶ ಹೀಗಾಯಿತು.

ಆ ತಿದ್ದುಪಡಿ ಪ್ರಕಟವಾದ ಕೆಲವೇ ದಿನಗಳಲ್ಲಿ ಸಂದರ್ಶನ. ಹೋಗುವ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಚೀಲದಲ್ಲಿ ಲೇಖನವೂ ಇತ್ತು, ಅದನ್ನು ಕೆಡವಿದ ತಿದ್ದುಪಡಿಯೂ ಇತ್ತು. ವೈನಿ ಬಾಗಿಲಲ್ಲಿ ನಿಂತು ಮೊಸರು ಸಕ್ಕರೆ ಕೊಟ್ಟರು.

ಅವನು ಮರಳುವ ದಿನ ನಾನು ಜಮಖಂಡಿ ಬಸ್ ನಿಲ್ದಾಣಕ್ಕೆ ಗಾಡಿ ತೆಗೆದುಕೊಂಡು ಹೋದೆ. ಹುದ್ದೆ ಯಾರಿಗಾಯಿತು ಎಂಬುದು ನನಗೆ ಆಗಲೇ ಗೊತ್ತಿತ್ತು, ವರದಿಗಾರನಿಗೆ ಗೊತ್ತಾಗುತ್ತದೆ. ಅವನೇ ಬಣ್ಣಿಸುತ್ತಿದ್ದ ಮುಯ್ಯಿ ಬಳಗದ ಒಬ್ಬನಿಗೆ ಆಗಿತ್ತು. ಸಮಾಧಾನದ ಮಾತುಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಅವನ ಮೇಲೆ ಕನಿಕರ ಪಡುವ ಅವಕಾಶ ಮೊದಲ ಸಲ ಸಿಕ್ಕಿತ್ತು.

ಬಸ್ಸಿನಿಂದ ಇಳಿದವನು ನನ್ನನ್ನು ಕಂಡೊಡನೆ ದೂರದಿಂದಲೇ ಕೂಗಿದ.

“ಓದ್ಯಾನಲೇ! ಒಬ್ಬಾಂವ ಓದ್ಯಾನ!”

“ಯಾಂವ? ಏನ ಓದ್ಯಾನ?”

“ತಿದ್ದುಪಡಿ! ಕಮಿಟಿಯೊಳಗ ಕಲ್ಕತ್ತಾ ಕಡೆಯಾಂವ ಒಬ್ಬ ಮುದುಕ ಇದ್ದ. ಬಾಕಿಯವ್ರು ಏನೇನೋ ಕೇಳಿದ್ರು, ಎಷ್ಟು ಪೇಪರು, ಎಷ್ಟು ಪಾಯಿಂಟು. ಇಂವ ಕಡೀಕ ಬಾಯಿ ತಗದ. ನಿಮ್ಮ ಕೋಷ್ಟಕದಾಗ ನೀವ ಬರದೀರಿ, ತಾಮ್ರ ಒಂದ ಇದ್ದಾಗ ಇಳುವರಿ ಕಡಿಮಿ, ಕಬ್ಬಿಣ ಜೋಡಿ ಇದ್ದಾಗ ಹೆಚ್ಚ. ಮತ್ತ ಕಬ್ಬಿಣ ಏನೂ ಮಾಡಲಿಲ್ಲ ಅಂತ ಹೆಂಗ ಬರದ್ರಿ ಅಂದ. ನಾ ನೋಡ್ತೀನಿ, ಖರೆ ಐತಲೇ! ಹೌದ ಹೌದು, ನನ್ನ ಕಣ್ಣಿಗೇ ಬಿದ್ದಿಲ್ಲ! ತಿದ್ದುಪಡ್ಯಾಗೂ ತಪ್ಪ ಐತಿ!”

“ಆಮ್ಯಾಲೆ?”

“ಆಮ್ಯಾಲೆ ಏನು, ಜಗಳ. ಬಾಕಿಯವ್ರು ಗಡಿಯಾರ ನೋಡಾಕ ಹತ್ತಿದ್ರು. ಹೊರಗ ಬಂದ ಮ್ಯಾಲೂ ಅಂವ ಬಿಡಲಿಲ್ಲ, ವರಾಂಡದಾಗ ನಿಂತು ಬಡದಾಡಿದ್ವಿ.” ಉಸಿರು ತೆಗೆದುಕೊಂಡು ಕೇಳಿದ: “ನಿನ್ನ ಸುದ್ದಿ ತಪ್ಪಾದ್ರ ಹಿಂಗ ಯಾರರ ಜಗಳಕ್ಕ ಬರ್ತಾರೇನೋ?”

ಚುಚ್ಚಲು ಕೇಳಿದ್ದಲ್ಲ, ತಿಳಿಯಲು ಕೇಳಿದ್ದು. ನಾನು ಯೋಚಿಸಿ ಉತ್ತರ ಹೇಳಿದೆ.

“ವೇದಿಕೆ ಮ್ಯಾಲಿದ್ದವರ ಹೆಸರ ಬಿಟ್ಟಿದ್ರ ಬರ್ತಾರ.”

ಅವನು ನಕ್ಕು ಗಾಡಿ ಏರಿದ. ಹುದ್ದೆಯ ಮಾತು ಅವನು ಎತ್ತಲಿಲ್ಲ, ಕೊನೆಗೆ ನಾನೇ ಎತ್ತಿದೆ.

“ಹಾಂ, ಅದು ಬ್ಯಾರೆದಾಂವಗ ಆತು,” ಎಂದ, ಕೊಡೆ ಎಲ್ಲೋ ಮರೆತು ಬಂದವನಂತೆ. “ನೀ ಮನಿ ಕಡೆ ಬ್ಯಾಡ, ಕಾಲೇಜಿಗೆ ನಡಿ.”

“ವೈನಿ ಹಾದಿ ಕಾಯಾಕತ್ತಿರ್ತಾರೋ.”

“ಹೋದ ಹುದ್ದೆ ಸುದ್ದಿ ತಡಾ ಆದ್ರೂ ನಡಿತೈತಿ. ನಡಿಯಲೇ, ಸೂರ್ಯಾ ಇನ್ನಾ ಮ್ಯಾಲಿದ್ದಾನ.”

ಗಾಡಿ ತಿರುಗಿಸಿದೆ. ಸೋತವನನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದೇನೆ ಎಂದು ನಂಬಲು ನೋಡಿದೆ. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಪಕ್ಕದಲ್ಲಿ ಜಾಗ ಮಾಡಿಕೊಂಡು ಹೋಗುತ್ತಿದ್ದಾಗ ನನ್ನ ಬೆನ್ನಿಗೆ ಏನೋ ತಾಗತೊಡಗಿತು. ಅವನು ಆ ಹಳದಿ ಉಗುರಿನ ಬೆರಳಿಂದ ನನ್ನ ಅಂಗಿಯ ಮೇಲೆ ಉಂಗುರ ಬರೆಯುತ್ತಿದ್ದ. ತಾಮ್ರ ಇಲ್ಲಿ, ಕಬ್ಬಿಣ ಇಲ್ಲಿ, ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಒಂದನ್ನು ಅಳಿಸಿ ಇನ್ನೊಂದನ್ನು ಬರೆಯುತ್ತಿದ್ದ. ಕಾಲೇಜಿನ ಗೇಟು ಬರುವವರೆಗೂ ನಾನು ಬೆನ್ನನ್ನು ಅಲುಗಾಡಿಸಲಿಲ್ಲ.